ಕರಿಯ ಕಾರಿನ ನೆತ್ತಿ

"ನಿಮ್ಮ ಖರ್ಚು ಹದಿನಾಲ್ಕು ಸಾವಿರ, ಎರಡು ದಿನ," ಅಂದಳು ಪಾಲಿಶಕ್ಕ. "ಕಾರಿನ ಖರ್ಚು ಬೇರೆ."

"ಕಾರಿಗೇನು ಖರ್ಚು?" ಮರದ ಡಿಪೋದ ಸಾಹುಕಾರ ನಕ್ಕ.

"ಚರ್ಮ." ಅವಳು ಕರಿಯ ಬಾನೆಟ್ಟಿನತ್ತ ಬೆರಳು ತೋರಿಸಿದಳು, ಮುಟ್ಟಲಿಲ್ಲ. ಈ ಕೆಲಸ ಕಲಿತವರು ಬಣ್ಣವನ್ನು ಸುಮ್ಮಸುಮ್ಮನೆ ಮುಟ್ಟುವುದಿಲ್ಲ. "ಗೀರು ಅಂದ್ರೆ ಹಳ್ಳ, ಸಾಹುಕಾರ್ರೇ. ಹಳ್ಳಾನ ಕಿತ್ತು ಬಿಸಾಕೋಕೆ ಬರಲ್ಲ. ಸುತ್ತಲಿನ ದಿಬ್ಬಾನೇ ಹಳ್ಳದ ಮಟ್ಟಕ್ಕೆ ಸವೆಸ್ಬೇಕು. ಬಣ್ಣದ ಮೇಲೆ ಗಾಜಿನ ಥರ ಒಂದು ಪದರ ಇರುತ್ತೆ, ತಲೆಗೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗ್ಲೂ ಅದ್ರಲ್ಲಿ ಒಂದು ಪಾಲು ಹೋಗುತ್ತೆ. ಹೋಗಿದ್ದು ಲಕ್ಷ ಸುರಿದ್ರೂ ಬರಲ್ಲ. ಎರಡು ವಾರದ ಹಿಂದೆ ತಾನೇ ಇದೇ ಕಾರಿಗೆ ಮಾಡಿ ಕೊಟ್ಟಿದ್ದೀನಿ."

"ಹೋದ್ರೆ ಹೋಗ್ಲಿ. ಚರ್ಮ ಸುಲಿದಾದ್ರೂ ಹೊಳಪು ಬರ್ಲಿ. ಇಪ್ಪತ್ತು ಕೊಡ್ತೀನಿ, ಒಂದೇ ದಿನದಲ್ಲಿ ಮುಗಿಸು. ನಾಳೆ ಬೆಳಿಗ್ಗೆ ಕೊಳ್ಳೋರು ಬರ್ತಾರೆ." ಸಾಹುಕಾರ ಕೀಲಿಕೈಯನ್ನು ಮೇಜಿನ ಮೇಲೆ ಟಣ್ ಎಂದು ಹಾಕಿದ. "ನಿನ್ನ ಮೈದುನ ಮಾಡಿದ ಗಲೀಜು. ನೀನೇ ತೊಳೆದ್ರೆ ಲಕ್ಷಣ."



ಇದೇ ಕಾರು ಹತ್ತಿ ಹೋದ ಡಿಪೋದ ಗುಮಾಸ್ತ ಹನ್ನೊಂದು ದಿನದಿಂದ ಪತ್ತೆಯಿಲ್ಲ. ಕಾರಿನ ಡ್ರೈವರಾಗಿದ್ದ ಅವಳ ಮೈದುನ ನಿನ್ನೆಯಿಂದ ಠಾಣೆಯಲ್ಲಿದ್ದ. ನಾಳೆ ಬೆಳಿಗ್ಗೆ ಕೋರ್ಟು. ಅಲ್ಲಿಂದ ಜೈಲಿಗೆ ಕಳಿಸಿದರೆ ಹೊರಬರುವುದು ಯಾವ ಕಾಲಕ್ಕೋ.

"ಮೂರು ಗಂಟೆಗೆ ಬರ್ತೀನಿ," ಸಾಹುಕಾರ ಹೊಸ್ತಿಲಲ್ಲಿ ತಿರುಗಿ ನಿಂತ. "ಅಷ್ಟರಲ್ಲಿ ಮೆಷಿನ್ ಸದ್ದು ಕೇಳ್ದೆ ಇದ್ರೆ ಕಾರು ಎದುರಂಗಡಿಗೆ. ಅವನು ಚರ್ಮ ಗಿರ್ಮ ಅಂತ ಪಾಠ ಹೇಳಲ್ಲ."

ಅವನ ಚಪ್ಪಲಿ ಸದ್ದು ರಸ್ತೆಗಿಳಿಯುವುದನ್ನೇ ಕಾಯುತ್ತಿದ್ದ ಅತ್ತೆ ಒಳಕೋಣೆಯಿಂದ ಬಂದರು. ಕೈಯಲ್ಲಿ ತೊಳೆದು ಹಿಂಡಿದ ಒರೆಸುವ ಬಟ್ಟೆಗಳ ಬಕೆಟ್ಟು.

"ತಗೊಂಡ್ಯಾ ಆ ಕೆಲಸಾನ? ನನ್ನ ಮಗನ್ನ ಒಳಗೆ ಹಾಕಿಸಿದವನ ಕಾರಿಗೆ ಹೊಳಪು ಬೇರೆ ಕೊಡ್ತೀಯಾ?"

"ಕೆಲಸ ತಗೊಂಡಿಲ್ಲ ಅತ್ತೆ, ಕಾರು ತಗೊಂಡೆ. ಶಟರ್ ಎಳೀರಿ. ನನಗೆ ಕತ್ತಲೆ ಬೇಕು."

ಅತ್ತೆ ಸೊಸೆಯ ಮುಖ ನೋಡಿದರು. ಬಕೆಟ್ಟು ಇಟ್ಟು, ಕಬ್ಬಿಣದ ಶಟರನ್ನು ಎರಡೂ ಕೈಯಿಂದ ಜಗ್ಗಿ ಕೆಳಗಿಳಿಸಿದರು.

ಮೈದುನ ಹೇಳುವುದು ಒಂದು: ಶನಿವಾರ ಕಾರನ್ನು ಡಿಪೋದಲ್ಲಿ ನಿಲ್ಲಿಸಿ ಕೀಲಿಕೈಯನ್ನು ಸಾಹುಕಾರನ ಕೈಗೇ ಕೊಟ್ಟೆ, ಗುರುವಾರದವರೆಗೆ ಜ್ವರ ಬಂದು ಮನೆಯಲ್ಲಿ ಬಿದ್ದಿದ್ದೆ. ಸಾಕ್ಷಿ ಹೆತ್ತ ತಾಯಿ, ಅತ್ತಿಗೆ. ಅಂಥ ಸಾಕ್ಷಿಗೆ ಠಾಣೆಯಲ್ಲಿ ಕೂರಲು ಕುರ್ಚಿಯೂ ಸಿಗುವುದಿಲ್ಲ. ಸಾಹುಕಾರ ಹೇಳುವುದು ಇನ್ನೊಂದು: ಆ ಆರು ದಿನ ಅವನು ನನ್ನ ಕಾರನ್ನು ಬಾಡಿಗೆಗೆ ಓಡಿಸಿಕೊಂಡಿದ್ದ, ಸೋಮವಾರ ಗುಮಾಸ್ತನನ್ನು ಹತ್ತಿಸಿಕೊಂಡವನೂ ಅವನೇ. ನೆರೆಯವರು ಕಂಡದ್ದು ಕಾರನ್ನು. ಓಡಿಸಿದವನ ಮುಖ ಯಾರೂ ಕಂಡಿರಲಿಲ್ಲ.

ತಕ್ಕಡಿ ಒಂದು ಕಡೆಗೆ ವಾಲಿದ್ದು ಗೀರುಗಳಿಂದ. ಮೈದುನ ಕಾರು ಒರೆಸುವುದು ಬೀಸುವ ಕಲ್ಲು ತಿರುಗಿಸಿದ ಹಾಗೆ, ಸುತ್ತಿ ಸುತ್ತಿ. ಡಿಪೋದವರು ಅದಕ್ಕೇ ಅವನನ್ನು 'ಗಿರಣಿ' ಎಂದು ಕರೆಯುತ್ತಿದ್ದರು. ಈಗ ನೋಡಿದರೆ ಕಾರಿನ ಮೈತುಂಬ ಸುತ್ತು ಸುತ್ತಾದ ಸಣ್ಣ ಗೀರು. ದಿನಾ ಒರೆಸಿದವನು ಗಿರಣಿಯೇ, ಹಾಗಾದರೆ ಕಾರು ಇದ್ದದ್ದೂ ಅವನ ಬಳಿಯೇ. ಹೋದ ವಾರದ ಗುರುವಾರವೇ ಕಾರನ್ನು ಠಾಣೆಗೆ ಒಯ್ದಿದ್ದ ಇನ್ಸ್‌ಪೆಕ್ಟರು ಟಾರ್ಚು ಬಿಟ್ಟು ನೋಡಿ, ಫೋಟೋ ಹಿಡಿದು, ಬರೆದುಕೊಂಡು, ಕಾರನ್ನು ಇಂದು ಬೆಳಿಗ್ಗೆ ಸಾಹುಕಾರನಿಗೆ ವಾಪಸ್ ಕೊಟ್ಟಿದ್ದರು.

ಪಾಲಿಶಕ್ಕ ಕೈದೀಪ ಹಚ್ಚಿದಳು. ಬಾನೆಟ್ಟು, ನಾಲ್ಕು ಬಾಗಿಲು, ಹಿಂಬದಿ. ಒಂದೊಂದನ್ನೂ ನೋಡುತ್ತ ಕಾರಿನ ಸುತ್ತ ಬಂದಳು. ಕೊನೆಗೆ ಸ್ಟೂಲು ಎಳೆದುಕೊಂಡು ಹತ್ತಿ ಕಾರಿನ ನೆತ್ತಿಯ ಮೇಲೆ ದೀಪ ಹಿಡಿದಳು.

ಹಿಡಿದವಳು ಹಾಗೇ ನಿಂತಳು.

"ಏನೇ? ಹಾವು ಕಂಡವಳ ಹಾಗೆ ನಿಂತ್ಯಲ್ಲ?"

"ಹಾವಲ್ಲ ಅತ್ತೆ, ಹಾವು ಹರಿದ ಗುರುತು. ಫೋನ್ ಕೊಡಿ."

ಇನ್ಸ್‌ಪೆಕ್ಟರು ಮೊದಲು ಬರುವುದಿಲ್ಲ ಎಂದರು. ನೆಗಡಿ ಎಂದರು. ಕಾಗದಪತ್ರ ಎಲ್ಲ ಮುಗಿದಿದೆ ಎಂದರು.

"ಮೂರು ಗಂಟೆ ಒಳಗೆ ಬನ್ನಿ ಸಾರ್. ಆಮೇಲೆ ಬಂದ್ರೆ ನೋಡೋಕೆ ಹೊಳಪು ಬಿಟ್ಟು ಏನೂ ಇರಲ್ಲ," ಎಂದು ಅವಳು ಫೋನ್ ಇಟ್ಟುಬಿಟ್ಟಳು.

ಎರಡೂಕಾಲಕ್ಕೆ ಶಟರಿನ ಕೆಳಗೆ ಬೂಟುಗಳು ಕಂಡವು. ಅತ್ತೆ ಶಟರನ್ನು ಅರ್ಧ ಎತ್ತಿದರು; ಇನ್ಸ್‌ಪೆಕ್ಟರು ಬಗ್ಗಿ ಒಳಗೆ ಬಂದರು. ಮೂಗು ಕೆಂಪಗಾಗಿತ್ತು, ಕೈಯಲ್ಲಿ ಕರವಸ್ತ್ರ. ಹಿಂದೆ ಒಬ್ಬ ಪೇದೆ.

"ಅಕ್ಕ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಸುತ್ತುಗೀರನ್ನ ನಾನೇ ನನ್ನ ಕಣ್ಣಾರೆ ನೋಡಿದ್ದೀನಿ."

"ಮತ್ತೊಂದ್ಸಲ ನೋಡಿ. ನಿಮ್ಮದೇ ಟಾರ್ಚು, ನಿಮ್ಮದೇ ಕೈ."

ಅವರು ಬಾನೆಟ್ಟಿನ ನಡುವೆ ಬೆಳಕು ಬಿಟ್ಟರು. ಬೆಳಕಿನ ಚುಕ್ಕೆಯ ಸುತ್ತ ಎಳೆ ಎಳೆಯಾಗಿ, ಜೇಡರ ಬಲೆಯ ಹಾಗೆ, ನೂರಾರು ಸುತ್ತುಗೀರುಗಳು ಮಿನುಗಿದವು.

"ಇದೋ. ಇದಕ್ಕಿಂತ ಇನ್ನೇನು ಬೇಕು?"

"ಸುತ್ತಿನ ನಡು ಎಲ್ಲಿದೆ?"

"ಇಲ್ಲಿ. ಬಾನೆಟ್ಟಿನ ನಡುವೆ."

"ಈಗ ಟಾರ್ಚನ್ನ ಒಂದು ಗೇಣು ಆ ಕಡೆ ಸರಿಸಿ."

ಸರಿಸಿದರು. ಸುತ್ತೂ ಸರಿಯಿತು. ಇನ್ನೊಂದು ಗೇಣು. ಸುತ್ತು ಬೆನ್ನಿಗೇ ಬಂತು. ಅವರು ಟಾರ್ಚನ್ನು ಬಾಗಿಲಿಗೆ ಒಯ್ದರು. ಅಲ್ಲೂ ಬೆಳಕಿನ ಸುತ್ತಲೇ ಬಲೆ. ಹ್ಯಾಂಡಲಿನ ಪಕ್ಕಕ್ಕೆ ಒಯ್ದರೆ ಅಲ್ಲೂ.

ಇನ್ಸ್‌ಪೆಕ್ಟರು ಸೀನುವುದನ್ನೂ ಮರೆತರು.

"ಗೀರಿಗೆ ಕಾಲಿಲ್ಲ ಸಾರ್, ನಡೆಯೋಕೆ," ಅಂದಳು ಪಾಲಿಶಕ್ಕ. "ಸುತ್ತು ಬಣ್ಣದಲ್ಲಿಲ್ಲ, ನಿಮ್ಮ ಟಾರ್ಚಿನಲ್ಲಿದೆ. ಗೀರುಗಳು ಅಡ್ಡಾದಿಡ್ಡಿ ಎಲ್ಲಾ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡ ಬಿದ್ದದ್ದು ಮಾತ್ರ ಮಿನುಗುತ್ತೆ, ಉಳಿದದ್ದು ಕಾಣ್ಸಲ್ಲ. ಹಾಗಾಗಿ ಎಲ್ಲಿ ಬೆಳಕು ಹಿಡಿದ್ರೂ ಅದರ ಸುತ್ತ ಸುತ್ತಿದ ಹಾಗೇ ಕಾಣುತ್ತೆ. ನೇರವಾಗಿ ಒರೆಸಿ, ಅಡ್ಡ ಒರೆಸಿ, ಕಣ್ಣು ಮುಚ್ಕೊಂಡು ಒರೆಸಿ, ಧೂಳು ಬಟ್ಟೆಯಲ್ಲಿ ನಾಲ್ಕು ದಿಕ್ಕಿಗೂ ಉಜ್ಜಿದ ಯಾವ ಕರಿ ಕಾರಾದ್ರೂ ಇಷ್ಟೇ. ನಿಮ್ಮ ಜೀಪೂ ಇಷ್ಟೇ."

ಪೇದೆ ತನಗೇ ಅರಿವಿಲ್ಲದಂತೆ ಹೊರಗೆ ಹೋಗಿ, ಸಂದಿಯ ನೆರಳಲ್ಲಿ ನಿಂತಿದ್ದ ಜೀಪಿನ ಮೇಲೆ ಟಾರ್ಚು ಬಿಟ್ಟು ನೋಡಿ ಬಂದ.

"ಹೌದು ಸಾರ್," ಎಂದ ಮೆಲ್ಲಗೆ.

"ಜೀಪನ್ನೂ ನನ್ನ ಮಗನೇ ಒರೆಸಿದ್ನಾ ಅಂತ ಬರ್ಕೊಳ್ಳಪ್ಪ," ಅಂದರು ಅತ್ತೆ.

ಇನ್ಸ್‌ಪೆಕ್ಟರು ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಸೋತದ್ದನ್ನು ಒಪ್ಪಿಕೊಳ್ಳಲು ಅಷ್ಟು ಹೊತ್ತು ಬೇಕಾಗಿತ್ತು. "ಸರಿ. ಇದರಿಂದ ಅವನೇ ಒರೆಸಿದ ಅನ್ನೋದು ಹೋಯ್ತು. ಅವನ ಹತ್ರ ಕಾರು ಇರ್ಲಿಲ್ಲ ಅನ್ನೋದು ಬರ್ಲಿಲ್ಲ."

"ಅದಕ್ಕೇ ಸ್ಟೂಲು ಹಾಕಿದ್ದೀನಿ. ಹತ್ತಿ."

ಅವರ ಮೊಣಕಾಲು ಲಟಕ್ಕೆಂದಿತು. ಹತ್ತಿದರು.

"ಕಾರಿನ ಮುಂದಿನಿಂದ ಬೆಳಕು ಬಿಡಿ."

ನೆತ್ತಿಯ ಉದ್ದಕ್ಕೂ ಗೆರೆಗಳು ಮಿನುಗಿದವು. ಸುತ್ತಲ್ಲ, ಬಲೆಯಲ್ಲ, ಎಡದಿಂದ ಬಲಕ್ಕೆ ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೆರೆ.

"ಈಗ ಪಕ್ಕದಿಂದ."

ಒಂದೂ ಇಲ್ಲ. ಕರಿಯ ಬಣ್ಣ ನೀರಿನ ಹಾಗೆ ಶುಭ್ರ.

"ಮತ್ತೆ ಮುಂದಿನಿಂದ." ಸಾಲು ಸಾಲು ಗೆರೆ.

"ಇದೇನಕ್ಕ ಇದು?"

"ಇವೆಲ್ಲ ಒಂದೇ ದಿಕ್ಕಿನ ಗೀರು. ಒರೆಸುವ ಕೈ ಹೀಗೆ ಎರಡು ಮೊಳ ಒಂದೇ ದಿಕ್ಕಿಗೆ ಹೋಗಲ್ಲ. ಕಾರಿಗೆ ಹೊದಿಕೆ ಹಾಕಿದ್ದಾರೆ. ಧೂಳು ಕೂತ ಮೇಲೆ ಅದನ್ನ ಎತ್ತಿ ತೆಗೀದೆ ಅಡ್ಡಡ್ಡ ದರದರ ಎಳೆದಿದ್ದಾರೆ. ಗೀರಿನ ಮೇಲೆ ಗೀರು ಬಿದ್ದಿದೆ ನೋಡಿ, ಒಂದ್ಸಲ ಅಲ್ಲ, ನಾಲ್ಕೈದು ಸಲ. ಕೆಳಗೆಲ್ಲ ಗಡಿಬಿಡಿಯಲ್ಲಿ ಒಣಬಟ್ಟೆ ಹಾಕಿ ಉಜ್ಜಿದ್ದಾರೆ, ಅಲ್ಲಿನ ಗುರುತು ಅಳಿಸಿದೆ. ನೆತ್ತಿ ನಡುವೆ ಯಾರ ಕೈಯೂ ಎಟುಕಲ್ಲ, ಯಾರ ಕಣ್ಣೂ ಬೀಳಲ್ಲ. ಅದೊಂದು ಉಳ್ಕೊಂಡಿದೆ."

"ಹಳೇ ಗೀರಾದ್ರೆ?"

ಅವಳು ಫೋನ್ ತೆರೆದು ಹಿಡಿದಳು. ಎರಡು ವಾರದ ಹಿಂದಿನ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಇದೇ ಕಾರು, ಇದೇ ನೆತ್ತಿ, ಮೇಲಿನ ದೀಪದ ಪಟ್ಟಿ ಕನ್ನಡಿಯಲ್ಲಿ ಮೂಡಿದ ಹಾಗೆ ನೆಟ್ಟಗೆ ಮೂಡಿತ್ತು. ಒಂದು ಗೀರಿಲ್ಲ.

"ಮರುದಿನ ಶನಿವಾರ ಮೈದುನ ಕಾರನ್ನ ಡಿಪೋಗೆ ಕೊಟ್ಟಿದ್ದು. ಬಾಡಿಗೆಗೆ ಓಡಿಸೋನು ದಿನಾ ಕಾರಿಗೆ ಹೊದಿಕೆ ಹಾಕಿ ಬಚ್ಚಿಡ್ತಾನಾ ಸಾರ್? ಅವನಿಗೆ ಹೊದ್ಕೊಳ್ಳೋಕೆ ಕಂಬಳಿ ಇರೋದೇ ಒಂದು."

ಇನ್ಸ್‌ಪೆಕ್ಟರು ಸ್ಟೂಲಿನ ಮೇಲಿಂದಲೇ ಕೇಳಿದರು, "ಎಲ್ಲಿ ನಿಂತಿತ್ತು ಅಂತಲೂ ಹೇಳುತ್ತಾ ಈ ನೆತ್ತಿ?"

"ಕೇಳೋಣ. ವೀಡಿಯೋ ಹಿಡಿಯಪ್ಪ," ಎಂದಳು ಪೇದೆಗೆ.

ಕಪಾಟಿನಿಂದ ಒಂದು ಸೀಸೆ ತಂದಳು. ನೀರಿನಂಥ ದ್ರಾವಣ. ಕಬ್ಬಿಣದ ಪುಡಿ ತಾಕಿದರೆ ಮಾತ್ರ ನೇರಳೆ ಬಣ್ಣಕ್ಕೆ ತಿರುಗುವಂಥದು. ನೆತ್ತಿಯ ಎರಡೂ ಅಂಚಿನ ಸಂದುಗಳಿಗೆ ಉದ್ದಕ್ಕೂ ಚಿಮುಕಿಸಿದಳು. ಕೊಳೆತ ಮೊಟ್ಟೆಯ ನಾತ ಎದ್ದಿತು.

ಅತ್ತೆ ಮೂಗು ಮುಚ್ಚಿಕೊಂಡರು. ಪೇದೆ ಮುಖ ಸಿಂಡರಿಸಿದ.

"ಏನಾಯ್ತು?" ಇನ್ಸ್‌ಪೆಕ್ಟರು ಕೇಳಿದರು.

"ಏನೂ ಇಲ್ಲ, ನೆಗಡಿ ಬಂದಿದ್ದು ನಿಮ್ಮ ಪುಣ್ಯ," ಅಂದರು ಅತ್ತೆ.

ಎಡಗಡೆಯ ಸಂದಿನಲ್ಲಿ ಮೊದಲು ಒಂದು ಚುಕ್ಕೆ ನೇರಳೆಯಾಯಿತು. ಆಮೇಲೆ ಹತ್ತು. ಆಮೇಲೆ ಇಡೀ ಸಂದು ಶಾಯಿ ಚೆಲ್ಲಿದ ಹಾಗಾಗಿ ಕಿಟಕಿಯ ಗಾಜಿನ ಮೇಲೆ ನೇರಳೆ ಧಾರೆ ಇಳಿಯಿತು. ಬಲಗಡೆ ನಾಲ್ಕೈದು ಚುಕ್ಕೆ, ಅಷ್ಟೇ.

"ಬ್ರೇಕಿನ ಪುಡಿ ಇರಬಹುದಲ್ಲ?"

"ಅದು ಚಕ್ರದ ಮೇಲೆ ಕೂರುತ್ತೆ. ನೆತ್ತಿ ಹತ್ತಲ್ಲ, ಅದೂ ಎಡಕ್ಕೆ ಮಾತ್ರ ಹತ್ತಲ್ಲ. ಹೊದಿಕೆ ಮೇಲೆ ಕಬ್ಬಿಣದ ಪುಡಿ ಉದುರಿದೆ. ಪ್ರತಿ ಸಲ ಎಡಕ್ಕೇ ಎಳೆದಿದ್ದಾರೆ, ಪುಡಿಯೆಲ್ಲ ಎಡಕ್ಕೆ ಬಂದು ಕೂತಿದೆ. ಯಾಕೆ ಎಡಕ್ಕೆ? ಬಲಗಡೆ ನಿಲ್ಲೋಕೆ ಜಾಗ ಇಲ್ಲ, ಗೋಡೆ ಇದೆ. ಕಬ್ಬಿಣದ ಪುಡಿ ಗಾಳಿಯಲ್ಲಿ ಹಾರೋ ಜಾಗ, ಒಂದು ಕಡೆ ಗೋಡೆ. ಈಗ ನೀವೇ ಹೇಳಿ ಸಾರ್. ನಾನು ಹೇಳಿದ್ರೆ ಅವನ ಅತ್ತಿಗೆ ಹೇಳಿದ್ದು ಅಂತೀರ."

ಇನ್ಸ್‌ಪೆಕ್ಟರು ನಿಧಾನವಾಗಿ ಕೆಳಗಿಳಿದರು. "ಗರಗಸಕ್ಕೆ ಸಾಣೆ ಹಿಡಿಯೋ ಶೆಡ್ಡು. ಡಿಪೋ ಹಿಂದೆ ಒಂದಿದೆ. ಮೂರು ತಿಂಗಳಿಂದ ಬೀಗ ಹಾಕಿದೆ ಅಂತ ಸಾಹುಕಾರ್ರು ಹೇಳಿದ್ರು, ನಾವು ತೆರೆಸಲಿಲ್ಲ."

ಅಷ್ಟರಲ್ಲಿ ಶಟರು ಧಡಧಡ ಬಡಿದುಕೊಂಡಿತು.

"ಏನಮ್ಮಾ ಪಾಲಿಶಕ್ಕ! ಸದ್ದೇ ಇಲ್ವಲ್ಲ?"

ಗಂಟೆ ಮೂರಕ್ಕೆ ಹತ್ತು ನಿಮಿಷ ಇತ್ತು. ಪಾಲಿಶಕ್ಕ ಒದ್ದೆ ಬಟ್ಟೆಯಿಂದ ನೇರಳೆ ಧಾರೆಯನ್ನು ಒತ್ತಿ ತೆಗೆದು, ಆ ಬಟ್ಟೆಯನ್ನು ಪೇದೆಯ ಕೈಯ ಚೀಲಕ್ಕೆ ಹಾಕಿ, ತಾನೇ ಹೋಗಿ ಶಟರು ಎತ್ತಿದಳು.

ಸಾಹುಕಾರ ಇನ್ಸ್‌ಪೆಕ್ಟರನ್ನು ನೋಡಿ ಅರೆಕ್ಷಣ ತಡೆದ. ಕೂಡಲೇ ನಗು ಹಚ್ಚಿಕೊಂಡ. "ಸಾರೂ ಇಲ್ಲೇ ಇದ್ದಾರೆ! ಜೀಪಿಗೂ ಪಾಲಿಶಾ?"

"ಕೆಲಸ ಶುರು ಮಾಡೋಕೆ ಮುಂಚೆ ನಿಮಗೊಂದು ಮಾತು ಹೇಳ್ಬೇಕಿತ್ತು ಸಾಹುಕಾರ್ರೇ," ಅಂದಳು ಪಾಲಿಶಕ್ಕ. "ಆಮೇಲೆ ನನ್ನ ಮೇಲೆ ದೂರು ಬರ್ಬಾರ್ದು. ನೆತ್ತಿ ತುಂಬಾ ಕೆಟ್ಟಿದೆ. ಯಾರೋ ಗೋಣಿಚೀಲ ಹೊದಿಸಿ ಎಳೆದಿದ್ದಾರೆ."

"ಗೋಣಿಚೀಲಾನಾ?"

"ಇಲ್ಲಾಂದ್ರೆ ಸಿಮೆಂಟು ಚೀಲ. ಅಂಥ ಗೀರು."

ಅತ್ತೆ ಬಟ್ಟೆ ಮಡಚುತ್ತಾ ತಲೆಯೆತ್ತದೆ ಅಂದರು, "ಹಾಗೇ ಕಣೇ ಅದು. ಲಕ್ಷಗಟ್ಟಲೆ ಕೊಟ್ಟು ಕಾರು ತಗೋತಾರೆ, ಒಂದು ಹೊದಿಕೆ ತರೋಕೆ ಕೈ ನಡುಗುತ್ತೆ. ಜಿಪುಣರ ಕಾರಿಗೆ ಗೋಣಿಚೀಲವೇ ಶಾಲು."

"ಏಯ್ ಅಜ್ಜಿ, ಯಾರನ್ನ ಜಿಪುಣ ಅಂತೀಯಾ?" ಸಾಹುಕಾರನಿಗೆ ನೆತ್ತಿಗೇರಿತು. ಊರಿನಲ್ಲಿ ಅವನನ್ನು ಏನು ಬೇಕಾದರೂ ಅನ್ನಬಹುದಿತ್ತು, ಜಿಪುಣ ಎಂದು ಮಾತ್ರ ಅನ್ನುವ ಹಾಗಿರಲಿಲ್ಲ. "ಒಳಗಡೆ ಹತ್ತಿ ಬಟ್ಟೆ ಹೊಲಿದಿರೋ ಹೊದಿಕೆ ಅದು! ಮೂರುವರೆ ಸಾವಿರ! ಅದ್ರಲ್ಲಿ ಗೀರು ಬೀಳುತ್ತಾ?"



"ಅಯ್ಯೋ, ನಾನು ಯಾರ ಹೆಗಲನ್ನೂ ನೋಡಿಲ್ಲಪ್ಪ," ಅಂದರು ಅತ್ತೆ. "ಕುಂಬಳಕಾಯಿ ಅಂದೆ ಅಷ್ಟೇ."

ಇನ್ಸ್‌ಪೆಕ್ಟರು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡರು. "ಯಾವಾಗ ಹಾಕಿದ್ರಿ ಆ ಹೊದಿಕೆ?"

"ಅದು... ಗುರುವಾರ ಸಾರ್. ಅವನು ಕಾರು ತಂದು ಬಿಟ್ಟ ಮೇಲೆ."

"ಗುರುವಾರ ನಾಲ್ಕು ಗಂಟೆಗೆ ಕಾರು ಬಂತು ಅಂತ ಬರೆಸಿದ್ದೀರಿ. ಐದಕ್ಕೆ ನಾನೇ ಬಂದು ತಗೊಂಡು ಹೋದೆ. ಗೇಟಿನ ಹತ್ರ ಬಿಸಿಲಲ್ಲಿ ನಿಂತಿತ್ತು, ಹೊದಿಕೆ ಇರ್ಲಿಲ್ಲ."

"ಒಂದ್ಸಲ ಹಾಕಿ ತೆಗೆದೆ ಅಷ್ಟೇ..."

"ಒಂದು ಗಂಟೆಯಲ್ಲಿ ನಾಲ್ಕೈದು ಸಲ ಹಾಕಿ ತೆಗೆದ್ರಾ?" ಪಾಲಿಶಕ್ಕ ಕೇಳಿದಳು. ದನಿ ಎತ್ತರಿಸಲಿಲ್ಲ. ಕಷ್ಟದ ಗೀರಿನ ಮೇಲೆ ಮೆಷಿನನ್ನು ಒತ್ತದೆ, ಬಿಡದೆ ಹಿಡಿಯುವ ಹಾಗೆಯೇ ಇತ್ತು ಅವಳ ಮಾತು. "ಸಾಣೆ ಶೆಡ್ಡಿನ ಗೋಡೆ ಅಡ್ಡ ಬರ್ಲಿಲ್ವಾ?"

ಸಾಹುಕಾರ ಒಂದು ಹೆಜ್ಜೆ ಮುಂದೆ ಬಂದ. ಮೇಜಿನ ಮೇಲಿದ್ದ ಕಾರಿನ ಕೀಲಿಕೈಗೆ ಕೈ ಚಾಚಿದ.

ಪಾಲಿಶಕ್ಕ ಅದರ ಮೇಲೆ ತನ್ನ ಅಂಗೈ ಇಟ್ಟಳು. "ಇದು ಇಲ್ಲೇ ಇರುತ್ತೆ. ಈ ಕಾರಿನ ಒಂದು ಗೀರನ್ನೂ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟಲ್ಲ."

"ಶೆಡ್ಡಿನ ಕೀಲಿಕೈ ಕೊಡಿ, ನಡೀರಿ," ಅಂದರು ಇನ್ಸ್‌ಪೆಕ್ಟರು. "ಅಕ್ಕ, ನೀವೂ ಬನ್ನಿ."

ಜೀಪು ಡಿಪೋ ಮುಟ್ಟಲು ಕಾಲು ಗಂಟೆ. ಮರದ ದಿಮ್ಮಿಗಳ ಸಾಲಿನ ಹಿಂದೆ ತಗಡಿನ ಶೆಡ್ಡು. ಬೀಗಕ್ಕೆ ಎಣ್ಣೆ ಹಾಕಿದ್ದರು; ಮೂರು ತಿಂಗಳು ಮುಟ್ಟದ ಬೀಗದ ಹಾಗೆ ಅದು ಕಿರುಗುಟ್ಟಲಿಲ್ಲ.

ಒಳಗೆ ಸಾಣೆಕಲ್ಲು, ಅದರ ಸುತ್ತ ನೆಲದ ಮೇಲೆ ಬೂದಿ ಬಣ್ಣದ ನುಣ್ಣನೆಯ ಪುಡಿ. ಪುಡಿಯ ಮೇಲೆ ಟೈರಿನ ಗುರುತು. ಬಲಕ್ಕೆ ಗೇಣು ದೂರದಲ್ಲಿ ಇಟ್ಟಿಗೆಯ ಗೋಡೆ. ಎಡಕ್ಕೆ ಮುದ್ದೆಯಾಗಿ ಬಿದ್ದ ಹೊದಿಕೆ. ಇನ್ಸ್‌ಪೆಕ್ಟರು ಪಾಲಿಶಕ್ಕನ ಕಡೆ ನೋಡಿ ತಲೆಯಾಡಿಸಿದರು. ಆಗಲೇ ಫೋನ್ ತೆಗೆದು ಠಾಣೆಗೆ ಹೇಳಿದರು: "ಆ ಡ್ರೈವರನ್ನ ಕೋರ್ಟಿಗೆ ಕಳಿಸೋ ಕಾಗದ ನಿಲ್ಸಿ. ಅವನಿಗೆ ಊಟ ಕೊಟ್ಟು ಮನೆಗೆ ಬಿಟ್ಟು ಬನ್ನಿ."

ಪಾಲಿಶಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಶೆಡ್ಡಿನ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆಯಿತ್ತು. ಪೇದೆ ಬಾಗಿಲು ತಳ್ಳಿದ. ತೆರೆದುಕೊಂಡಿತು. ಮಂಚ, ಮಡಚಿದ ಹಾಸಿಗೆ, ಗೂಟಕ್ಕೆ ಎರಡು ಅಂಗಿ. ಗುಮಾಸ್ತನ ಕನ್ನಡಕದ ಪೆಟ್ಟಿಗೆ. ಗಡ್ಡದ ಸೋಪಿನ ನೊರೆ ಬ್ರಶ್ಶಿನ ಮೇಲೆ ಇನ್ನೂ ಒದ್ದೆ. ಕಿಟಕಿಯ ಬಳಿ ಲೋಟದಲ್ಲಿ ಅರ್ಧ ಚಹಾ. ಇನ್ಸ್‌ಪೆಕ್ಟರು ಲೋಟವನ್ನು ಮುಟ್ಟಿದರು. ಬಿಸಿಯಿತ್ತು. ಕಿಟಕಿ ಪೂರ್ತಿ ತೆರೆದಿತ್ತು.

"ಹನ್ನೊಂದು ದಿನ ಮನುಷ್ಯನನ್ನ ಇಲ್ಲಿ ಕೂಡಿ ಹಾಕಿದ್ರಾ?" ಇನ್ಸ್‌ಪೆಕ್ಟರು ಸಾಹುಕಾರನ ಕಡೆ ತಿರುಗಿದರು. ಮೊದಲ ಸಲ ಅವರ ದನಿ ಗಡುಸಾಯಿತು.

ಪಾಲಿಶಕ್ಕ ಬಾಗಿಲನ್ನು ನೋಡುತ್ತಿದ್ದಳು. ಒಳಗೂ ಹೊರಗೂ ಎರಡು ಸಲ ನೋಡಿದಳು, ಬೆರಳಿಂದ ಸವರಿದಳು.

"ಸಾರ್, ಇಲ್ಲಿ ಬನ್ನಿ. ಅಗುಳಿ ಒಳಗಡೆ ಇದೆ. ಹೊರಗಡೆ ಒಂದು ಕೊಂಡಿ ಕೂಡ ಇಲ್ಲ, ಹಿಂದೆ ಇದ್ದ ಗುರುತೂ ಇಲ್ಲ."



ಸಾಹುಕಾರ ಅಲ್ಲೇ ದಿಮ್ಮಿಯೊಂದರ ಮೇಲೆ ಕುಸಿದು ಕೂತ. ತೆರೆದ ಕಿಟಕಿಯನ್ನು ನೋಡಿದ ಅವನ ಮುಖದಲ್ಲಿ ಸಿಕ್ಕಿಬಿದ್ದವನ ನಾಚಿಕೆಯಿರಲಿಲ್ಲ. ಭಯವಿತ್ತು.

"ನಾನೆಲ್ಲಿ ಅವನನ್ನ ಕೂಡಿ ಹಾಕ್ಲಿ ಸಾರ್," ಎಂದ. "ಕಾರು ತಗೊಂಡು ಬಾ ಅಂದೋನು ಅವನು. ಡ್ರೈವರ್ ಮೇಲೆ ಹೇಳು ಅಂದೋನೂ ಅವನೇ. ಡಿಪೋದ ಕಳ್ಳ ಲೆಕ್ಕವೆಲ್ಲ ಅವನ ಕೈಲಿದೆ. ನಾನು ಹೂಂ ಅನ್ನದೆ ಇದ್ದಿದ್ರೆ ಅವನು ನನ್ನನ್ನ..."

ಮಾತು ಅಲ್ಲಿಗೇ ನಿಂತಿತು. ಇನ್ಸ್‌ಪೆಕ್ಟರು ಎಷ್ಟು ಕೇಳಿದರೂ, ಗದರಿದರೂ, ಅವನು ಮತ್ತೆ ಬಾಯಿ ಬಿಡಲಿಲ್ಲ.

ಸಂಜೆ ಪಾಲಿಶಕ್ಕ ಮನೆ ಸೇರುವ ಹೊತ್ತಿಗೆ ಮೈದುನ ಬಂದು ಕೂತಿದ್ದ, ಅತ್ತೆ ಅವನ ಹಣೆ ಮುಟ್ಟಿ ನೋಡುತ್ತಿದ್ದರು. ಅವನು ಪಾರಾದ. ಅವನನ್ನು ಸಿಕ್ಕಿಸಿದ ಗುಮಾಸ್ತ ಜೀವಂತವಾಗಿದ್ದ, ಮತ್ತು ಕೈತಪ್ಪಿ ಹೋಗಿದ್ದ.